ಮೂರನೇ ಸಲ ಪಾಸಾದ ಹುಡುಗ: ಡಾ. ಯೆಲ್ಲಾಪ್ರಗಡ ಸುಬ್ಬರಾವ್



ಮಳೆಗಾಲ ಹಿಡಿಯಿತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕೆಲಸ ಶುರುವಾಗುತ್ತದೆ. ಪಾಚಿ ಹಿಡಿದು ಜಾರುವ ಮರ, ಅದರ ತುದಿಯಲ್ಲಿ ಮನುಷ್ಯ. ಕಾಳುಮೆಣಸು ಕೊಯ್ಯುವ ಕಾಲಕ್ಕೆ ಉದ್ದನೆಯ ಏಣಿ. ಘಾಟಿಯ ತಿರುವುಗಳಲ್ಲಿ ಬೈಕು, ಲಾರಿ. ಬಿದ್ದು ಕೈಕಾಲು ಮುರಿದುಕೊಂಡವರು ಒಬ್ಬರೂ ಇಲ್ಲದ ಊರು ನಮ್ಮ ಕಡೆ ಸಿಗುವುದು ಕಷ್ಟ.

ಚರ್ಮ ಹರಿಯದೆ ಒಳಗೇ ಮುರಿದ ಮೂಳೆಯನ್ನು ಸರಿಯಾಗಿ ಜೋಡಿಸಿ ಕಟ್ಟಿದರೆ ಸಾಮಾನ್ಯವಾಗಿ ಅದು ತಾನಾಗಿ ಕೂಡಿಕೊಳ್ಳುತ್ತದೆ. ಆದರೆ ಮೂಳೆ ಚರ್ಮ ಸೀಳಿ ಹೊರಬಂದು, ಮಣ್ಣು ತಾಗಿ, ಬ್ಯಾಕ್ಟೀರಿಯಾ ಒಳಹೊಕ್ಕರೆ ಕಥೆ ಬೇರೆ. ಸೋಂಕು ತಗುಲಿದ ಮೂಳೆಯ ಭಾಗ ಸಾಯುತ್ತದೆ. ಸತ್ತ ಮೂಳೆಗೆ ರಕ್ತ ಹರಿಯುವುದಿಲ್ಲ. ರಕ್ತ ಹೋಗದ ಜಾಗಕ್ಕೆ ನುಂಗಿದ ಮಾತ್ರೆಯೂ ಚುಚ್ಚಿದ ಇಂಜೆಕ್ಷನ್ನೂ ಸಾಕಷ್ಟು ತಲುಪುವುದಿಲ್ಲ. ಸೋಂಕಿತ ಭಾಗವನ್ನು ವೈದ್ಯರು ಕೆತ್ತಿ ತೆಗೆಯಬೇಕಾಗುತ್ತದೆ. ಆಗ ಮೂಳೆಯ ನಡುವೆ ಒಂದು ಖಾಲಿ ಜಾಗ ಉಳಿಯುತ್ತದೆ.

ಆ ಖಾಲಿ ಜಾಗವನ್ನು ತುಂಬುವುದು ಹೇಗೆ ಎಂಬುದಕ್ಕೆ ಇಂದಿನ ವಿಜ್ಞಾನಿಗಳು ಹುಡುಕುತ್ತಿರುವ ಒಂದು ಉತ್ತರ, ಔಷಧಿ ತುಂಬಿದ ಸಾರುವೆ. ಮನೆ ಕಟ್ಟುವಾಗ ಗೋಡೆಯ ಹೊರಗೆ ಕಟ್ಟುವ ಸಾರುವೆಯನ್ನು ನೀವು ನೋಡಿದ್ದೀರಿ. ಇದು ಒಳಗಿನ ಸಾರುವೆ. ಮೂಳೆಯಲ್ಲಿರುವಂಥದೇ ಕ್ಯಾಲ್ಸಿಯಂ ಫಾಸ್ಫೇಟಿನ ಪುಡಿಯನ್ನು ಕೊಲಾಜೆನ್, ಕೈಟೋಸಾನ್ ಮುಂತಾದ ಮೆದು ಪದಾರ್ಥದೊಂದಿಗೆ ಬೆರೆಸಿ, ಸ್ಪಂಜಿನ ಹಾಗೆ ಸಣ್ಣ ಸಣ್ಣ ರಂಧ್ರಗಳಿರುವ ತುಂಡು ಮಾಡುತ್ತಾರೆ. ಅದರೊಳಗೆ ಆಂಟಿಬಯೋಟಿಕ್ ಸೇರಿಸುತ್ತಾರೆ. ಮೆಣಸಿನ ಬಳ್ಳಿ ಮರವನ್ನು ಹಿಡಿದು ಹಬ್ಬುವಂತೆ ಮೂಳೆಯ ಜೀವಕೋಶಗಳು ಆ ರಂಧ್ರಗಳನ್ನು ಹಿಡಿದು ಬೆಳೆಯುತ್ತವೆ. ಔಷಧಿ ನಿಧಾನವಾಗಿ ಹೊರಬಂದು ಅಲ್ಲಿಯೇ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಹೊಸ ಮೂಳೆ ಬೆಳೆದಂತೆಲ್ಲ ಸಾರುವೆ ಕರಗಿ ಹೋಗಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದಂತೆ ಜಗತ್ತಿನ ಅನೇಕ ಕಡೆ ಮೂಳೆಗೆ ಬದಲಿಯಾಗುವ ವಸ್ತುಗಳ ಬಗ್ಗೆ ಸಂಶೋಧನೆ ನಡೆಯುತ್ತಿದೆ.

ಈ ಸಾರುವೆಯಲ್ಲಿ ಮುಖ್ಯವಾಗಿ ಎರಡು ವಿಷಯಗಳಿವೆ ಎಂಬುದನ್ನು ಗಮನಿಸಿ. ಒಂದು ಫಾಸ್ಫೇಟ್, ಇನ್ನೊಂದು ಆಂಟಿಬಯೋಟಿಕ್. ರಕ್ತದಲ್ಲಿ, ಮೂಳೆಯಲ್ಲಿ ಎಷ್ಟು ರಂಜಕವಿದೆ ಎಂದು ಅಳೆಯುವ ಸುಲಭ ವಿಧಾನವನ್ನು ಜಗತ್ತಿಗೆ ಕೊಟ್ಟ ಇಬ್ಬರಲ್ಲಿ ಒಬ್ಬರು ಭಾರತೀಯರು. ಮೂಳೆಗೆ ಹೋಗಿ ಅಂಟಿಕೊಳ್ಳುವ ಗುಣವುಳ್ಳ ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಕುಟುಂಬದ ಮೊದಲ ಔಷಧಿ ಹೊರಬಂದದ್ದು ಅದೇ ವ್ಯಕ್ತಿಯ ಮುಂದಾಳತ್ವದ ಪ್ರಯೋಗಾಲಯದಿಂದ. ಅವರು ಸಾರುವೆಯನ್ನು ಕಂಡುಹಿಡಿದವರಲ್ಲ. ಆ ಕಲ್ಪನೆ ಹುಟ್ಟುವ ಎಷ್ಟೋ ಮೊದಲೇ ತೀರಿಕೊಂಡರು. ಆದರೆ ಅದರ ಎರಡೂ ಭಾಗಗಳ ಹಿಂದೆ ಅವರ ದುಡಿಮೆ ಇದೆ. ಅವರೇ ಡಾ. ಯೆಲ್ಲಾಪ್ರಗಡ ಸುಬ್ಬರಾವ್.

ಬಡತನದ ಬಾಲ್ಯ

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಆಗಿನ ಮದ್ರಾಸ್ ಪ್ರಾಂತ್ಯದ, ಈಗಿನ ಆಂಧ್ರಪ್ರದೇಶದ ಭೀಮವರಂನಲ್ಲಿ. ತಂದೆ ಜಗನ್ನಾಥಂ ಕಂದಾಯ ಇಲಾಖೆಯಲ್ಲಿ ಸಣ್ಣ ನೌಕರ. ತಾಯಿ ವೆಂಕಮ್ಮ. ಏಳು ಮಕ್ಕಳಲ್ಲಿ ಸುಬ್ಬರಾವ್ ನಾಲ್ಕನೆಯವರು. ಆರೋಗ್ಯ ಕೆಟ್ಟು ತಂದೆ ಬೇಗನೆ ನಿವೃತ್ತರಾದರು. ಮನೆಯಲ್ಲಿ ಕಷ್ಟ ಶುರುವಾಯಿತು.

ಓದಿನ ಮೇಲೆ ಹುಡುಗನಿಗೆ ಮನಸ್ಸಿರಲಿಲ್ಲ. ಹದಿಮೂರರ ಆಸುಪಾಸಿನ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿದ. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಶ್ರೀಮಂತನಾಗುವುದು ಅವನ ಯೋಜನೆ. ದಾರಿಯಲ್ಲೇ ಹಿಡಿದು ಮನೆಗೆ ತಂದರು. ತಂದೆ ತೀರಿಕೊಂಡ ಮೇಲೆ ತಾಯಿ ತನ್ನ ಒಡವೆಗಳನ್ನು ಮಾರಿ ಮಗನನ್ನು ಓದಿಸಿದರು. ಆದರೂ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದರು. ಮದ್ರಾಸಿನ ಹಿಂದೂ ಹೈಸ್ಕೂಲಿನಲ್ಲಿ ಓದಿ ಮೂರನೇ ಸಲ ಪಾಸಾದರು. ಆಮೇಲೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್, ಅಂದರೆ ಈಗ ನಾವು ಓದುತ್ತಿರುವ ಪಿಯುಸಿಗೆ ಸಮನಾದ ತರಗತಿ.

ಆ ದಿನಗಳಲ್ಲಿ ಅವರ ಮನಸ್ಸು ಸನ್ಯಾಸದ ಕಡೆ ಹೊರಳಿತು. ರಾಮಕೃಷ್ಣ ಮಿಷನ್ ಸೇರಲು ಹೋದರು. ತಾಯಿಯ ಒಪ್ಪಿಗೆ ಸಿಗಲಿಲ್ಲ. ಜನರ ಸೇವೆ ಮಾಡುವ ಆಸೆಯಿದ್ದರೆ ವೈದ್ಯನಾಗಬಹುದಲ್ಲ ಎಂಬ ಸಲಹೆ ಅಲ್ಲಿಂದಲೇ ಬಂತು. ಹಾಗೆ ಅವರು ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಖರ್ಚಿಗೆ ಸ್ನೇಹಿತರು ಮತ್ತು ಕಸ್ತೂರಿ ಸೂರ್ಯನಾರಾಯಣಮೂರ್ತಿ ಎಂಬುವರು ನೆರವಾದರು. ಮುಂದೆ ಸೂರ್ಯನಾರಾಯಣಮೂರ್ತಿಯವರ ಮಗಳು ಶೇಷಗಿರಿಯನ್ನೇ ಮದುವೆಯಾದರು.

ಖಾದಿ ಕೋಟಿನ ಬೆಲೆ

ಅದು ಸ್ವಾತಂತ್ರ್ಯ ಹೋರಾಟದ ಕಾಲ. ವಿದೇಶಿ ಬಟ್ಟೆ ಬಿಡಬೇಕೆಂಬ ಗಾಂಧೀಜಿಯವರ ಕರೆಗೆ ಓಗೊಟ್ಟು ಸುಬ್ಬರಾವ್ ಖಾದಿ ತೊಟ್ಟರು. ಆಪರೇಷನ್ ಕೋಣೆಗೂ ಖಾದಿಯ ಉಡುಪಿನಲ್ಲೇ ಹೋದರು. ಶಸ್ತ್ರಚಿಕಿತ್ಸೆಯ ಪ್ರೊಫೆಸರ್ ಆಗಿದ್ದ ಬ್ರಾಡ್‌ಫೀಲ್ಡ್ ಅವರಿಗೆ ಇದು ಹಿಡಿಸಲಿಲ್ಲ. ಲಿಖಿತ ಪರೀಕ್ಷೆಯಲ್ಲಿ ಚೆನ್ನಾಗಿ ಬರೆದಿದ್ದರೂ ಸುಬ್ಬರಾವ್ ಅವರಿಗೆ ಎಂಬಿಬಿಎಸ್ ಪದವಿ ಸಿಗಲಿಲ್ಲ. ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಮಾಣಪತ್ರ ಸಿಕ್ಕಿತು. ಸರ್ಕಾರಿ ವೈದ್ಯಕೀಯ ಸೇವೆಗೆ ಅರ್ಜಿ ಹಾಕಿದರು, ಕೆಲಸ ಆಗಲಿಲ್ಲ. ಕೊನೆಗೆ ಮದ್ರಾಸಿನಲ್ಲಿ ಡಾ. ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಹೇಳಿಕೊಡುವ ಕೆಲಸ ಹಿಡಿದರು.

ಇದೇ ವರ್ಷಗಳಲ್ಲಿ ಮನೆಗೆ ಸಿಡಿಲು ಬಡಿಯಿತು. ಅವರ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ರೋಗದ ಹೆಸರು ಟ್ರಾಪಿಕಲ್ ಸ್ಪ್ರೂ. ಕರುಳು ಆಹಾರದ ಸಾರವನ್ನು ಹೀರಿಕೊಳ್ಳುವುದನ್ನು ನಿಲ್ಲಿಸುತ್ತದೆ; ಮನುಷ್ಯ ತಿಂದರೂ ಸೊರಗುತ್ತಾನೆ, ರಕ್ತ ಬತ್ತುತ್ತದೆ. ವೈದ್ಯಕೀಯ ಓದಿದ ಸಹೋದರನ ಕೈಯಲ್ಲಿ ಆ ರೋಗಕ್ಕೆ ಕೊಡಲು ಮದ್ದಿರಲಿಲ್ಲ. ಆಗ ಜಗತ್ತಿನ ಯಾರ ಕೈಯಲ್ಲೂ ಇರಲಿಲ್ಲ. ಈ ಸಾವುಗಳು ಅವರನ್ನು ಸಂಶೋಧನೆಯ ಕಡೆ ತಳ್ಳಿದವು.

ಬಾಸ್ಟನ್ನಿನಲ್ಲಿ ರಾತ್ರಿ ಪಾಳಿ

1920ರ ದಶಕದ ಆರಂಭದಲ್ಲಿ ಸುಬ್ಬರಾವ್ ಅಮೆರಿಕದ ಹಾರ್ವರ್ಡ್‌ಗೆ ಹೊರಟರು. ಕಾಕಿನಾಡದ ಸತ್ಯಲಿಂಗಂ ಧರ್ಮಸಂಸ್ಥೆ ಮತ್ತು ಮಾವನ ಮನೆಯವರು ಹಣ ಹೊಂದಿಸಿದರು. ಹೆಂಡತಿ ಆಗ ಗರ್ಭಿಣಿ. ಕೆಲವು ವರ್ಷಗಳಲ್ಲಿ ಮರಳುತ್ತೇನೆಂದು ಹೇಳಿ ಹೋದವರು ಮತ್ತೆಂದೂ ಭಾರತಕ್ಕೆ ಬರಲಿಲ್ಲ. ಹುಟ್ಟಿದ ಮಗು ಶೈಶವದಲ್ಲೇ ತೀರಿಕೊಂಡಿತು. ತಂದೆ ಅದರ ಮುಖವನ್ನು ನೋಡಲೇ ಇಲ್ಲ. ಶೇಷಗಿರಿ ಮದ್ರಾಸ್ ಪ್ರಾಂತ್ಯದಲ್ಲಿ ಕಾಯುತ್ತಲೇ ಉಳಿದರು. ಸುಬ್ಬರಾವ್ ಅವರ ಸಾಧನೆಯ ಲೆಕ್ಕ ಬರೆಯುವಾಗ ಆ ಹೆಣ್ಣುಮಗಳು ತೆತ್ತ ಬೆಲೆಯನ್ನೂ ಅದೇ ಪುಟದಲ್ಲಿ ಬರೆಯಬೇಕಾಗುತ್ತದೆ.

ಬಾಸ್ಟನ್ನಿನಲ್ಲಿ ಜೀವನ ಸುಲಭವಿರಲಿಲ್ಲ. ಭಾರತದ ಎಲ್.ಎಂ.ಎಸ್.ಗೆ ಅಲ್ಲಿ ವೈದ್ಯನ ಕೆಲಸ ಸಿಗುತ್ತಿರಲಿಲ್ಲ. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಳಾಗಿ ದುಡಿದರು, ಹಗಲಲ್ಲಿ ಓದಿದರು. ಉಷ್ಣವಲಯದ ರೋಗಗಳ ಡಿಪ್ಲೊಮಾ ಮುಗಿಸಿ, ಹಾರ್ವರ್ಡ್ ಮೆಡಿಕಲ್ ಸ್ಕೂಲಿನ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಅವರ ಜೊತೆ ಕೆಲಸಕ್ಕೆ ಸೇರಿದರು.

ಅಲ್ಲಿ ಅವರ ಕೈಗೆ ಬಂದ ಸಮಸ್ಯೆ ರಂಜಕ. ದೇಹದಲ್ಲಿರುವ ರಂಜಕದ ಬಹುಪಾಲು ಕ್ಯಾಲ್ಸಿಯಂ ಜೊತೆ ಸೇರಿ ಮೂಳೆ ಮತ್ತು ಹಲ್ಲುಗಳಲ್ಲಿದೆ. ರಿಕೆಟ್ಸ್ ಬಂದ ಮಗುವಿನ ರಕ್ತದಲ್ಲಿ ರಂಜಕ ಕಡಿಮೆಯಾಗುತ್ತದೆ. ಮೂತ್ರಪಿಂಡ ಕೆಟ್ಟರೆ ಹೆಚ್ಚಾಗುತ್ತದೆ. ಆದರೆ ಕೆಲವೇ ಹನಿ ರಕ್ತದಲ್ಲಿ ಅದನ್ನು ಬೇಗ, ಸರಿಯಾಗಿ ಅಳೆಯುವುದು ಕಷ್ಟವಾಗಿತ್ತು. ಫಿಸ್ಕ್ ಮತ್ತು ಸುಬ್ಬರಾವ್ 1925ರಲ್ಲಿ ಪ್ರಕಟಿಸಿದ ವಿಧಾನ ನಮ್ಮ ರಸಾಯನಶಾಸ್ತ್ರ ಪ್ರಯೋಗಾಲಯದ ಮಟ್ಟಿಗೂ ಅರ್ಥವಾಗುವಂಥದು. ಆಮ್ಲದಲ್ಲಿ ಫಾಸ್ಫೇಟಿಗೆ ಅಮೋನಿಯಂ ಮಾಲಿಬ್ಡೇಟ್ ಸೇರಿಸಬೇಕು. ಎರಡೂ ಕೂಡಿ ಒಂದು ಸಂಯುಕ್ತ ಆಗುತ್ತದೆ. ಅದನ್ನು ಅಪಕರ್ಷಿಸಿದರೆ ನೀಲಿ ಬಣ್ಣ ಬರುತ್ತದೆ. ಫಾಸ್ಫೇಟ್ ಹೆಚ್ಚಿದ್ದಷ್ಟೂ ನೀಲಿ ಗಾಢ. ಬಣ್ಣವನ್ನು ಹೋಲಿಸಿ ನೋಡಿದರೆ ಪ್ರಮಾಣ ತಿಳಿಯುತ್ತದೆ. ಈ ವಿಧಾನಕ್ಕೆ ಇಬ್ಬರ ಹೆಸರೂ ಉಳಿದಿದೆ. ಮೂಳೆಗೆ ಬದಲಿ ವಸ್ತು ತಯಾರಿಸುವವರು ತಮ್ಮ ತುಂಡಿನಿಂದ ಎಷ್ಟು ಫಾಸ್ಫೇಟ್ ಕರಗುತ್ತಿದೆ ಎಂದು ನೋಡಲು ಇಂದಿಗೂ ಇದೇ ನೀಲಿ ಬಣ್ಣದ ರಸಾಯನಕ್ರಿಯೆಯ ಬೇರೆ ಬೇರೆ ರೂಪಗಳನ್ನು ಬಳಸುತ್ತಾರೆ.

ಅಳೆಯುವ ಕೈ ಹದಕ್ಕೆ ಬಂದ ಮೇಲೆ ಹೊಸ ವಸ್ತುಗಳು ಕಣ್ಣಿಗೆ ಬಿದ್ದವು. ಸ್ನಾಯುವಿನಲ್ಲಿ ಇಬ್ಬರೂ ಫಾಸ್ಫೋಕ್ರಿಯಾಟಿನ್ ಎಂಬ ಸಂಯುಕ್ತವನ್ನು ಕಂಡು 1927ರಲ್ಲಿ ಪ್ರಕಟಿಸಿದರು. 1929ರಲ್ಲಿ ಎಟಿಪಿಯನ್ನು ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಸಹ ಸ್ವತಂತ್ರವಾಗಿ ಅದನ್ನು ಕಂಡುಹಿಡಿದಿದ್ದರು. ಜೀವಕೋಶದ ಶಕ್ತಿಯ ನಾಣ್ಯವೆಂದು ನಾವು ಜೀವಶಾಸ್ತ್ರದ ಪಾಠದಲ್ಲಿ ಓದುವ ಎಟಿಪಿ ಇದೇ. ಸ್ನಾಯು ಕೆಲಸ ಮಾಡುವ ಬಗ್ಗೆ ಅಲ್ಲಿಯವರೆಗೆ ನಂಬಿದ್ದ ವಿವರಣೆಯನ್ನೇ ಈ ಎರಡು ಶೋಧಗಳು ಬದಲಿಸಿದವು.

1930ರಲ್ಲಿ ಸುಬ್ಬರಾವ್ ಪಿಎಚ್‌ಡಿ ಪಡೆದರು. ಇಷ್ಟಾದರೂ ಹಾರ್ವರ್ಡಿನಲ್ಲಿ ಅವರಿಗೆ ಕಾಯಂ ಹುದ್ದೆ ಸಿಗಲಿಲ್ಲ. ಅದೇ ಪ್ರಯೋಗಾಲಯದಲ್ಲಿ ದುಡಿದು, ಮುಂದೆ 1988ರಲ್ಲಿ ನೊಬೆಲ್ ಬಹುಮಾನ ಪಡೆದ ಜಾರ್ಜ್ ಹಿಚಿಂಗ್ಸ್ ಒಂದು ವಿಷಯವನ್ನು ದಾಖಲಿಸಿದ್ದಾರೆ: ಸುಬ್ಬರಾವ್ ಬೇರ್ಪಡಿಸಿದ್ದ ಕೆಲವು ವಸ್ತುಗಳನ್ನು ಫಿಸ್ಕ್ ಅವರ ಅಸೂಯೆಯಿಂದಾಗಿ ವರ್ಷಗಳ ನಂತರ ಬೇರೆಯವರು ಮತ್ತೆ ಕಂಡುಹಿಡಿಯಬೇಕಾಯಿತಂತೆ. ಸುಬ್ಬರಾವ್ ಮಾತ್ರ ಕೀರ್ತಿಗಾಗಿ ಜಗಳಕ್ಕೆ ನಿಂತವರಲ್ಲ.

ಕಂಪನಿಯಲ್ಲಿ ಎಂಟು ವರ್ಷ

1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬ ಊರಿನಲ್ಲಿದ್ದ ಲೆಡರ್ಲೆ ಔಷಧಿ ಕಂಪನಿಗೆ ಸೇರಿ, ಸ್ವಲ್ಪ ಕಾಲದಲ್ಲೇ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು. ಅಲ್ಲಿ ಅವರು ಬದುಕಿದ್ದು ಎಂಟೇ ವರ್ಷ. ಆ ಎಂಟು ವರ್ಷಗಳಲ್ಲಿ ಹೊರಬಂದದ್ದನ್ನು ನೋಡಿ.

ಮೊದಲನೆಯದು ಫೋಲಿಕ್ ಆಮ್ಲ. ಈ ವಿಟಮಿನ್ನನ್ನು ಅವರ ತಂಡ 1945ರ ಹೊತ್ತಿಗೆ ಪ್ರಯೋಗಾಲಯದಲ್ಲಿ ತಯಾರಿಸಿತು. ಸ್ಪ್ರೂ ರೋಗಿಗಳ ರಕ್ತಹೀನತೆಗೆ ಅದು ಮದ್ದಾಯಿತು. ಸಹೋದರರನ್ನು ಕಳೆದುಕೊಂಡು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ ಆ ರೋಗಕ್ಕೆ ಒಂದು ಉತ್ತರ ಅವರ ಪ್ರಯೋಗಾಲಯದಲ್ಲೇ ಸಿಕ್ಕಿತು. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ನಿಮಗೆ ನೆನಪಿರಬಹುದು. ಅದರಲ್ಲಿ ಕಬ್ಬಿಣದ ಜೊತೆ ಇರುವುದು ಇದೇ ಫೋಲಿಕ್ ಆಮ್ಲ. ಗರ್ಭಿಣಿಯರಿಗೂ ಇದನ್ನು ಕೊಡುತ್ತಾರೆ.

ಎರಡನೆಯದು ಫೋಲಿಕ್ ಆಮ್ಲಕ್ಕೆ ಎದುರಾಗಿ ಕೆಲಸ ಮಾಡುವ ಔಷಧಿಗಳು. ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರಿನ ಮಕ್ಕಳಿಗೆ ಕೊಡಲು ಸುಬ್ಬರಾವ್ ತಂಡ ತಯಾರಿಸಿದ ಅಮಿನೋಪ್ಟೆರಿನ್ ಬಳಸಿದರು. 16 ಮಕ್ಕಳಲ್ಲಿ 10 ಮಕ್ಕಳು ತಾತ್ಕಾಲಿಕವಾಗಿ ಚೇತರಿಸಿಕೊಂಡರೆಂದು 1948ರಲ್ಲಿ ವರದಿ ಮಾಡಿದರು. ಅಲ್ಲಿಯವರೆಗೆ ಆ ರೋಗ ಬಂದ ಮಕ್ಕಳಿಗೆ ಏನೂ ಮಾಡಲಾಗುತ್ತಿರಲಿಲ್ಲ. ಅದರ ಸೋದರ ಔಷಧಿ ಮೆಥೊಟ್ರೆಕ್ಸೇಟ್ ಇಂದು ಕ್ಯಾನ್ಸರಿಗೂ ಸಂಧಿವಾತಕ್ಕೂ ಬಳಕೆಯಲ್ಲಿದೆ.

ಮೂರನೆಯದು ಆನೆಕಾಲು ರೋಗದ ಔಷಧಿ. 1947ರಲ್ಲಿ ಹೆಟ್ರಾಜಾನ್ ಎಂಬ ಹೆಸರಿನಲ್ಲಿ ಬಂದ ಇದನ್ನು ಈಗ ಡಿಇಸಿ ಎನ್ನುತ್ತೇವೆ. ಘಟ್ಟದ ಕೆಳಗಿನ ಕರಾವಳಿಯಲ್ಲೂ ಕಲಬುರಗಿ, ಬೀದರ್ ಕಡೆಯಲ್ಲೂ ಆರೋಗ್ಯ ಇಲಾಖೆಯವರು ಮನೆಮನೆಗೆ ಹೋಗಿ ನುಂಗಿಸಿದ ಮಾತ್ರೆ ಅದೇ.

ಬಂಗಾರದ ಬಣ್ಣದ ಮದ್ದು

ನಾಲ್ಕನೆಯದೇ ನಮ್ಮ ವಿಷಯಕ್ಕೆ ಹತ್ತಿರವಾದದ್ದು. ಪೆನಿಸಿಲಿನ್ ಆಗಲೇ ಬಂದಿತ್ತು, ಸ್ಟ್ರೆಪ್ಟೊಮೈಸಿನ್ ಕೂಡ. ಆದರೆ ಎರಡಕ್ಕೂ ಮಿತಿಗಳಿದ್ದವು. ಬಾಯಿಯಿಂದ ನುಂಗಬಹುದಾದ, ಅನೇಕ ಬಗೆಯ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುವ ಒಂದು ಔಷಧಿ ಬೇಕಾಗಿತ್ತು. ವಿಶ್ವವಿದ್ಯಾಲಯದಿಂದ ನಿವೃತ್ತರಾಗಿದ್ದ, ಎಪ್ಪತ್ತು ದಾಟಿದ ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್ ಲೆಡರ್ಲೆಯಲ್ಲಿ ಈ ಹುಡುಕಾಟಕ್ಕೆ ಕುಳಿತರು. ಬೇರೆ ಬೇರೆ ಕಡೆಗಳಿಂದ ಮಣ್ಣಿನ ಮಾದರಿಗಳನ್ನು ತರಿಸಿದರು. ಮಿಸ್ಸೌರಿ ವಿಶ್ವವಿದ್ಯಾಲಯದ ಸ್ಯಾನ್‌ಬಾರ್ನ್ ಫೀಲ್ಡ್ ಎಂಬ ಹುಲ್ಲಿನ ಹೊಲದಿಂದ 1945ರಲ್ಲಿ ಬಂದ ಮಣ್ಣಿನಲ್ಲಿ ಬಂಗಾರದ ಬಣ್ಣದ ಸೂಕ್ಷ್ಮಜೀವಿಯೊಂದು ಸಿಕ್ಕಿತು. ಅದರಿಂದ ಬಂದ ಔಷಧಿಗೆ ಬಂಗಾರವನ್ನು ಸೂಚಿಸುವ ಆರಿಯೋಮೈಸಿನ್ ಎಂಬ ಹೆಸರಿಟ್ಟರು. ಟೆಟ್ರಾಸೈಕ್ಲಿನ್ ಕುಟುಂಬದ ಹಿರಿಯಣ್ಣ ಇದು. ಕಂಡುಹಿಡಿದವರು ಡಗ್ಗರ್, ತಂಡವನ್ನು ಕಟ್ಟಿ, ಕೆಲಸಕ್ಕೆ ದಾರಿ ಮಾಡಿಕೊಟ್ಟವರು ಸುಬ್ಬರಾವ್. ಪ್ರಕಟಣೆಯ ಹೊತ್ತಿನಲ್ಲಿ ಅವರು ಹಿಂದೆ ನಿಂತು ಸಹೋದ್ಯೋಗಿಗಳನ್ನು ಮುಂದೆ ಬಿಟ್ಟರು.

1948ರ ಜುಲೈಯಲ್ಲಿ ಆರಿಯೋಮೈಸಿನ್ ಸುದ್ದಿ ವಿಜ್ಞಾನಿಗಳ ಸಭೆಯಲ್ಲಿ ಹೊರಬಿತ್ತು. ಕೆಲವೇ ವಾರಗಳಲ್ಲಿ, ಆಗಸ್ಟ್ ತಿಂಗಳಲ್ಲಿ, ನಿದ್ದೆಯಲ್ಲೇ ಹೃದಯಾಘಾತವಾಗಿ ಸುಬ್ಬರಾವ್ ತೀರಿಕೊಂಡರು. ವಯಸ್ಸು 53. ಅಷ್ಟು ವರ್ಷ ಅಮೆರಿಕದಲ್ಲಿದ್ದರೂ ಅವರು ಅಲ್ಲಿನ ಪೌರತ್ವ ತೆಗೆದುಕೊಂಡಿರಲಿಲ್ಲ. ಭಾರತಕ್ಕೆ ಸ್ವಾತಂತ್ರ್ಯ ಬಂದು ಒಂದು ವರ್ಷವೂ ತುಂಬಿರಲಿಲ್ಲ. ಅವರ ಗೌರವಾರ್ಥ ಒಂದು ಶಿಲೀಂಧ್ರಕ್ಕೆ ಸುಬ್ಬರೋಮೈಸಿಸ್ ಎಂಬ ಹೆಸರಿಡಲಾಗಿದೆ. ಜನ್ಮಶತಾಬ್ದಿಯ 1995ರಲ್ಲಿ ನಮ್ಮ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು. ನೊಬೆಲ್ ಬಹುಮಾನ ಬರಲಿಲ್ಲ.

ಮೂಳೆಯಲ್ಲಿ ಹೊಳೆಯುವ ಗೆರೆ

ಅವರು ಹೋದ ಮೇಲೆ ಟೆಟ್ರಾಸೈಕ್ಲಿನ್‌ಗಳ ಒಂದು ವಿಚಿತ್ರ ಗುಣ ಬೆಳಕಿಗೆ ಬಂತು. ಅವು ಕ್ಯಾಲ್ಸಿಯಂ ಅನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಹಾಲಿನ ಜೊತೆ ಟೆಟ್ರಾಸೈಕ್ಲಿನ್ ಮಾತ್ರೆ ನುಂಗಬೇಡಿ ಎನ್ನುವುದು ಇದಕ್ಕೇ. ಹಾಲಿನ ಕ್ಯಾಲ್ಸಿಯಂ ಔಷಧಿಯನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ. ಬೆಳೆಯುತ್ತಿರುವ ಹಲ್ಲು ಮತ್ತು ಮೂಳೆಗೆ ಹೋಗಿ ಅದು ಅಂಟಿಕೊಳ್ಳುತ್ತದೆ, ಹಲ್ಲು ಹಳದಿಯಾಗುತ್ತದೆ. ಹಾಗಾಗಿ ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ.

ದೋಷವಾಗಿ ಕಂಡ ಈ ಗುಣವೇ ಮೂಳೆ ತಜ್ಞರಿಗೆ ಉಪಕಾರವಾಯಿತು. ಹೊಸದಾಗಿ ಬೆಳೆಯುತ್ತಿರುವ ಮೂಳೆಯಲ್ಲಿ ಸೇರಿಕೊಂಡ ಟೆಟ್ರಾಸೈಕ್ಲಿನ್ ನೇರಳಾತೀತ ಬೆಳಕಿನಲ್ಲಿ ಹಳದಿಯಾಗಿ ಹೊಳೆಯುತ್ತದೆ. ಕೆಲವು ದಿನ ಬಿಟ್ಟು ಎರಡು ಸಲ ಔಷಧಿ ಕೊಟ್ಟರೆ ಮೂಳೆಯಲ್ಲಿ ಎರಡು ಹೊಳೆಯುವ ಗೆರೆಗಳು ಬೀಳುತ್ತವೆ. ಗೆರೆಗಳ ನಡುವಿನ ದೂರವನ್ನು ದಿನಗಳಿಂದ ಭಾಗಿಸಿದರೆ ಮೂಳೆ ದಿನಕ್ಕೆ ಎಷ್ಟು ಬೆಳೆಯಿತೆಂದು ಗೊತ್ತಾಗುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಸಾರುವೆಯೊಳಗೆ ಹೊಸ ಮೂಳೆ ನಿಜವಾಗಿ ಬೆಳೆದಿದೆಯೇ ಎಂದು ನೋಡಲು ಇಂಥ ಗುರುತುಗಳನ್ನೇ ಬಳಸುತ್ತಾರೆ.

ಸಾರುವೆಗೆ ತುಂಬಲು ಜೆಂಟಾಮೈಸಿನ್, ವ್ಯಾಂಕೊಮೈಸಿನ್ ಮುಂತಾದವುಗಳ ಜೊತೆ ಟೆಟ್ರಾಸೈಕ್ಲಿನ್ ಕುಟುಂಬದ ಡಾಕ್ಸಿಸೈಕ್ಲಿನ್ ಅನ್ನೂ ಪರೀಕ್ಷಿಸುತ್ತಿದ್ದಾರೆ. ಕ್ಯಾಲ್ಸಿಯಂ ಫಾಸ್ಫೇಟನ್ನು ಅದು ಹಿಡಿದುಕೊಳ್ಳುವುದರಿಂದ ಒಮ್ಮೆಗೇ ತೊಳೆದುಹೋಗದೆ ನಿಧಾನವಾಗಿ ಬಿಡುಗಡೆಯಾಗುತ್ತದೆ. 1970ರ ಸುಮಾರಿಗೆ ಜರ್ಮನಿಯಲ್ಲಿ ಜೆಂಟಾಮೈಸಿನ್ ಬೆರೆಸಿದ ಮೂಳೆ ಸಿಮೆಂಟು ಬಳಕೆಗೆ ಬಂದಿತ್ತು. ಆದರೆ ಆ ಸಿಮೆಂಟು ಕರಗುವುದಿಲ್ಲ. ಅದರ ಮಣಿಗಳನ್ನು ಇಟ್ಟರೆ ಸಾಮಾನ್ಯವಾಗಿ ಇನ್ನೊಂದು ಆಪರೇಷನ್ ಮಾಡಿ ತೆಗೆಯಬೇಕು. ಕರಗುವ ಸಾರುವೆ ಬಂದರೆ ರೋಗಿಗೆ ಎರಡನೇ ಆಪರೇಷನ್ ತಪ್ಪುತ್ತದೆ. ದಿನಗೂಲಿಯಲ್ಲಿ ಬದುಕುವ ಕುಟುಂಬಕ್ಕೆ ಅದು ಸಣ್ಣ ವಿಷಯವಲ್ಲ.

ಕೆಲಸ ಇನ್ನೂ ಮುಗಿದಿಲ್ಲ. ಔಷಧಿ ಹೆಚ್ಚಾದರೆ ಮೂಳೆಯ ಜೀವಕೋಶಗಳಿಗೇ ಪೆಟ್ಟು, ಕಡಿಮೆಯಾದರೆ ಬ್ಯಾಕ್ಟೀರಿಯಾ ಸಾಯದೆ ಔಷಧಿಗೆ ಒಗ್ಗಿಕೊಳ್ಳುತ್ತದೆ. ರಂಧ್ರ ಹೆಚ್ಚಿದಷ್ಟೂ ತುಂಡಿನ ಗಟ್ಟಿತನ ಕಡಿಮೆ. ಈ ಲೆಕ್ಕ ಸರಿಹೊಂದಿಸುವುದೇ ಇಂದಿನ ಸಂಶೋಧಕರ ತಲೆನೋವು.

ಬ್ಯಾಕ್ಟೀರಿಯಾ ಔಷಧಿಗೆ ಒಗ್ಗಿಕೊಳ್ಳುವುದರಲ್ಲಿ ನಮ್ಮ ಪಾಲೂ ಇದೆ. ಶೀತಕ್ಕೆ, ವೈರಸ್ ಜ್ವರಕ್ಕೆ ಅಂಗಡಿಯಿಂದ ಆಂಟಿಬಯೋಟಿಕ್ ತಂದು ಎರಡು ದಿನ ನುಂಗಿ ಬಿಡುವವರಿದ್ದಾರೆ. ನಮ್ಮ ಮಲೆನಾಡಿನ ಮಂಗನ ಕಾಯಿಲೆ ವೈರಸ್ಸಿನಿಂದ ಬರುವಂಥದು; ಆ ವೈರಸ್ಸಿನ ಮೇಲೆ ಯಾವ ಆಂಟಿಬಯೋಟಿಕ್ಕೂ ಕೆಲಸ ಮಾಡುವುದಿಲ್ಲ. ಇಲಿಜ್ವರ ಬ್ಯಾಕ್ಟೀರಿಯಾದಿಂದ ಬರುತ್ತದೆ. ಅದಕ್ಕೆ ಡಾಕ್ಸಿಸೈಕ್ಲಿನ್ ಕೆಲಸ ಮಾಡುತ್ತದೆ. ಎರಡರಲ್ಲೂ ಜ್ವರ, ಮೈಕೈ ನೋವು ಇರುತ್ತದೆ. ಯಾವುದೆಂದು ಹೇಳಬೇಕಾದವರು ವೈದ್ಯರು, ಔಷಧಿ ಅಂಗಡಿಯ ಹುಡುಗನಲ್ಲ. ಬರೆದುಕೊಟ್ಟ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ ಮುಗಿಸಬೇಕು.

ಫಲಿತಾಂಶ ಬಂದ ದಿನ ನಮ್ಮ ಕಾಲೇಜಿನಲ್ಲೂ ಕೆಲವರು ಯಾರ ಕಣ್ಣಿಗೂ ಬೀಳದೆ ಹಿಂದಿನ ದಾರಿಯಿಂದ ಮನೆಗೆ ಹೋಗುತ್ತಾರೆ. ಮತ್ತೆ ಪರೀಕ್ಷೆ ಬರೆಯಲಿರುವ ಗೆಳೆಯರು ಈ ಜೀವನಚರಿತ್ರೆಯನ್ನು ಇನ್ನೊಮ್ಮೆ ಓದಲಿ. ಎರಡು ಸಲ ಫೇಲಾದವನು ಮೂರನೇ ಸಲ ಅರ್ಜಿ ಹಾಕದೇ ಇದ್ದಿದ್ದರೆ ಏನಾಗುತ್ತಿತ್ತೆಂದು ಯೋಚಿಸಲಿ. ಉಳಿದವರಿಗೆ ಒಂದು ಸಣ್ಣ ಕೆಲಸ: ಜೀವಶಾಸ್ತ್ರದಲ್ಲಿ ಉಸಿರಾಟದ ಪಾಠ ಬಂದಾಗ, ಎಟಿಪಿ ಎಂಬ ಮೂರಕ್ಷರದ ಪಕ್ಕದಲ್ಲಿ ಪೆನ್ಸಿಲಿನಿಂದ ಸುಬ್ಬರಾವ್ ಎಂದು ಬರೆದಿಡಿ. ಮುಂದಿನ ವರ್ಷ ಆ ಪುಸ್ತಕ ಓದುವವರಿಗೆ ಗೊತ್ತಾಗಲಿ.